ಲಿಂಡಿಸ್‌ಫಾರ್ನ್‌ನ ಟ್ಯೂಡರ್ ಕೋಟೆಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಈ ಪುಟ್ಟ ದ್ವೀಪಕ್ಕೆ ವರ್ಷಕ್ಕೊಮ್ಮೆಯಾದರೂ ಹೋಗಿ ಬರದಿದ್ದರೆ ನನಗೆ ಸಮಾಧಾನವಿಲ್ಲ. ಊರಿಂದ ಬಂದ ನೆಂಟರನ್ನು, ಇಲ್ಲಿನ ಕನ್ನಡ ಗೆಳೆಯರನ್ನು ಕರೆದೊಯ್ದಾಗ ಅವರು ದಾರಿಯುದ್ದಕ್ಕೂ ಕೇಳಿದ್ದು, ಆಮೇಲೆ ಫೋನಿನಲ್ಲಿ, ಪತ್ರದಲ್ಲಿ ಕೇಳಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಮೊದಲ ಸಲ ಹೋಗುವವರಿಗೆ ಬೇಕಾದ್ದು ಮೊದಲು, ಕಟ್ಟಡದ ಒಳಮರ್ಮ ತಿಳಿಯಬೇಕೆನ್ನುವವರಿಗೆ ಬೇಕಾದ್ದು ಕೊನೆಗೆ.

## ಹೊರಡುವ ಮುಂಚೆ

ಇದು ಕೋಟೆನಾ, ಮನೆನಾ? ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ.

ಎರಡೂ ಹೌದು. 1550ರ ಸುಮಾರಿಗೆ ಸ್ಕಾಟ್ಲೆಂಡಿನ ಕಡೆಯಿಂದ ಬರುವ ದಾಳಿಯನ್ನು ತಡೆಯಲು ಕಟ್ಟಿದ ಫಿರಂಗಿ ಕೋಟೆ ಇದು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಒಬ್ಬ ಶ್ರೀಮಂತ ಪ್ರಕಾಶಕ ಇದನ್ನು ಕೊಂಡು ತನ್ನ ಬೇಸಿಗೆಯ ಬಂಗಲೆ ಮಾಡಿಕೊಂಡ. ಆದ್ದರಿಂದ ಹೊರಗೆ ನಿಂತು ನೋಡಿದರೆ ಸಿಪಾಯಿಗಳ ಜಾಗ, ಬಾಗಿಲು ದಾಟಿದರೆ ಸಂಸಾರದ ಮನೆ.

ಕೋಟೆ ಅಂದ ಕೂಡಲೇ ಚಿತ್ರದುರ್ಗದ ಏಳು ಸುತ್ತನ್ನು ನೆನೆದುಕೊಂಡು ಬಂದವರಿಗೆ ಗಾತ್ರ ನೋಡಿ ನಿರಾಸೆಯಾಗಬಹುದು. ಇದು ಬೆಬ್ಲೋ ಎಂಬ ಒಂದೇ ಒಂದು ಕಡಿದಾದ ಬಂಡೆಯ ನೆತ್ತಿಯ ಮೇಲೆ ಕೂತ ಕಟ್ಟಡ. ಸುತ್ತ ಚಪ್ಪಟೆ ಹುಲ್ಲುಗಾವಲು, ಅದರಾಚೆ ಸಮುದ್ರ. ಎಷ್ಟು ಚಿಕ್ಕದೋ ಅಷ್ಟೇ ದೂರದಿಂದ ಕಾಣುತ್ತದೆ.

ಎಲ್ಲಿದೆ? ಲಂಡನ್‌ನಿಂದ ಹೋಗಿಬರೋಕೆ ಒಂದು ದಿನ ಸಾಕಾ?

ನಾರ್ಥಂಬರ್ಲೆಂಡ್ ಜಿಲ್ಲೆಯ ಹೋಲಿ ಐಲೆಂಡ್‌ನಲ್ಲಿ, ಸ್ಕಾಟ್ಲೆಂಡ್ ಗಡಿಗೆ ಹತ್ತಿರ. ದ್ವೀಪದ ಹಳೆಯ ಹೆಸರೇ ಲಿಂಡಿಸ್‌ಫಾರ್ನ್. ಹತ್ತಿರದ ರೈಲು ನಿಲ್ದಾಣ ಬೆರಿಕ್. ಲಂಡನ್‌ನಿಂದ ಅಲ್ಲಿಗೆ ಮೂರೂವರೆಯಿಂದ ನಾಲ್ಕು ಗಂಟೆ, ಎಡಿನ್‌ಬರದಿಂದಾದರೆ ಮುಕ್ಕಾಲು ಗಂಟೆ. ಅಲ್ಲಿಂದ ಮುಂದೆ ಬಸ್ಸು ಅಥವಾ ಟ್ಯಾಕ್ಸಿ. ಬಸ್ಸಿನ ವೇಳೆಯನ್ನು ಸಮುದ್ರದ ಉಬ್ಬರ ನೋಡಿಯೇ ಇಡುತ್ತಾರೆ. ಲಂಡನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಬೇಡ ಎಂಬುದು ನನ್ನ ಮಾತು. ಒಂದು ರಾತ್ರಿ ದ್ವೀಪದಲ್ಲೇ ತಂಗಿ. ಉಬ್ಬರ ಬಂದು ಪ್ರವಾಸಿಗರೆಲ್ಲ ಹೊರಟುಹೋದ ಮೇಲಿನ ಸಂಜೆ ಬೇರೆಯೇ.

ಹಳ್ಳಿಯಿಂದ ಕೋಟೆಗೆ ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆ. ಕೊನೆಯಲ್ಲಿ ಉರುಟು ಕಲ್ಲು ಹಾಸಿದ ಏರುದಾರಿ ಬರುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಇದನ್ನು ಮೊದಲೇ ಹೇಳಿ ಕರೆತನ್ನಿ. ಒಳಗೂ ಲಿಫ್ಟ್ ಇಲ್ಲ.

ದಾರಿ ಸಮುದ್ರದಲ್ಲಿ ಮುಳುಗಿಹೋಗುತ್ತೆ ಅಂತಾರಲ್ಲ, ನಿಜಾನಾ? ಮಕ್ಕಳನ್ನು ಕರೆದುಕೊಂಡು ಹೋದರೆ ಭಯ ಇಲ್ವಾ?

ನಿಜ. ದಿನಕ್ಕೆ ಎರಡು ಸಲ ಮುಳುಗುತ್ತದೆ. ಮಂಗಳೂರು, ಕುಂದಾಪುರದ ಕಡೆಯವರಿಗೆ ಭರತ–ಇಳಿತ ಹೊಸದಲ್ಲ. ಆದರೆ ಅಲ್ಲಿ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಅದು ನಾಲ್ಕು ಮೀಟರಿನಷ್ಟು. ಮರಳು ಮಟ್ಟಸವಾಗಿರುವುದರಿಂದ ನೀರು ಅಲೆಯಾಗಿ ಬರುವುದಿಲ್ಲ, ಹಾಸಿಕೊಂಡು ಬರುತ್ತದೆ. ನೋಡನೋಡುತ್ತ ಡಾಂಬರು ಕಾಣೆಯಾಗುತ್ತದೆ.

ಸುರಕ್ಷಿತವಾಗಿ ದಾಟುವ ವೇಳೆಯ ಪಟ್ಟಿಯನ್ನು ಜಿಲ್ಲಾಡಳಿತ ಪ್ರಕಟಿಸುತ್ತದೆ. ಅದನ್ನು ಪಂಚಾಂಗದಂತೆ ನಂಬಿ, ಒಂದು ನಿಮಿಷವೂ ಮೀರಬೇಡಿ. ಕಾರು ನಿಂತುಹೋದವರು ಹತ್ತಿ ಕೂರಲು ದಾರಿಯಲ್ಲಿ ಕಂಬಗಳ ಮೇಲೊಂದು ಬಿಳಿ ಗೂಡು ಇದೆ. ಪಟ್ಟಿ ನೋಡದೆ ಹೊರಟವರನ್ನು ಕಾಪಾಡಲು ಪ್ರತಿವರ್ಷ ಜೀವರಕ್ಷಕ ದೋಣಿ ಬರಬೇಕಾಗುತ್ತದೆ. ಪಟ್ಟಿ ಪಾಲಿಸಿದವರಿಗೆ ಮಕ್ಕಳ ಜೊತೆ ಯಾವ ಭಯವೂ ಇಲ್ಲ. ಈ ಡಾಂಬರು ದಾರಿ ಶುರುವಾದದ್ದೇ 1954ರಲ್ಲಿ. ಅದಕ್ಕೆ ಮೊದಲು ಮರಳಿನ ಮೇಲೆ ಗಾಡಿ ಹೊಡೆಯಬೇಕಿತ್ತು, ಇಲ್ಲವೇ ನಡೆಯಬೇಕಿತ್ತು. ಯಾತ್ರಿಕರು ನಡೆಯುವ ಆ ಹಳೆಯ ಜಾಡನ್ನು ನೆಟ್ಟ ಕಂಬಗಳ ಸಾಲು ಈಗಲೂ ತೋರಿಸುತ್ತದೆ.

ಈಗ ಇದು ಯಾರದು? ಖಾಸಗಿ ಎಸ್ಟೇಟ್ ಆದರೆ ನಮ್ಮನ್ನೆಲ್ಲ ಒಳಗೆ ಬಿಡ್ತಾರಾ?

1944ರಿಂದ ನ್ಯಾಷನಲ್ ಟ್ರಸ್ಟ್‌ನದು, ಹಳೆಯ ಕಟ್ಟಡ, ತಾಣಗಳನ್ನು ಕಾಪಾಡುವ ದತ್ತಿ ಸಂಸ್ಥೆ ಅದು. ಟಿಕೆಟ್ ತೆಗೆದುಕೊಂಡರೆ ಯಾರೂ ಹೋಗಬಹುದು. ಚಳಿಗಾಲದಲ್ಲಿ ಹೆಚ್ಚಾಗಿ ಮುಚ್ಚಿರುತ್ತದೆ, ಉಳಿದ ದಿನಗಳಲ್ಲೂ ಬಾಗಿಲು ತೆರೆಯುವ ಹೊತ್ತು ಉಬ್ಬರದ ಪ್ರಕಾರ ಬದಲಾಗುತ್ತದೆ.

ಖಾಸಗಿಯಾಗಿದ್ದದ್ದು ಅದಕ್ಕೆ ಮುಂಚಿನ ನಾಲ್ಕು ದಶಕ. ಆಗಲೇ ಹೇಳಿದ ಪ್ರಕಾಶಕ ಎಡ್ವರ್ಡ್ ಹಡ್ಸನ್ ಮೊದಲ ಯಜಮಾನ. ಅವನು 1921ರಲ್ಲಿ ಆಸ್ವಾಲ್ಡ್ ಫಾಕ್ ಎಂಬ ಷೇರು ವ್ಯವಹಾರಸ್ಥನಿಗೆ ಮಾರಿದ. ಫಾಕ್‌ನಿಂದ ಬ್ಯಾಂಕರ್ ಎಡ್ವರ್ಡ್ ಡಿ ಸ್ಟೀನ್‌ನ ಕೈಗೆ ಬಂತು. ಡಿ ಸ್ಟೀನ್ ಅದನ್ನು ಟ್ರಸ್ಟಿಗೆ ದಾನ ಕೊಟ್ಟ ಮೇಲೂ ಬಾಡಿಗೆದಾರನಾಗಿ ಅಲ್ಲೇ ಉಳಿದ. ತನ್ನದನ್ನು ಕೊಟ್ಟು ಅದರಲ್ಲೇ ಬಾಡಿಗೆಗೆ ಇರುವ ಮನಸ್ಸು ನನಗೆ ದೊಡ್ಡದೆನಿಸುತ್ತದೆ.

ಟ್ಯೂಡರ್ ಅಂದ್ರೆ ಬಿಳಿ ಗೋಡೆ, ಕಪ್ಪು ಮರದ ಪಟ್ಟಿ ಅಲ್ವಾ? ಇಲ್ಲಿ ಅದು ಕಾಣಲೇ ಇಲ್ಲ.

ಟ್ಯೂಡರ್ ಎನ್ನುವುದು ಒಂದು ರಾಜವಂಶ. 1485ರಲ್ಲಿ ಏಳನೇ ಹೆನ್ರಿಯಿಂದ ಶುರುವಾಗಿ 1603ರಲ್ಲಿ ಮೊದಲನೇ ಎಲಿಜಬೆತ್ ತೀರಿಕೊಳ್ಳುವವರೆಗೆ ಅವರ ಆಳ್ವಿಕೆ. ಕಪ್ಪು–ಬಿಳುಪಿನ ಮರಗಟ್ಟಿನ ಮನೆಗಳು ಆ ಕಾಲದ ಪೇಟೆ, ಹಳ್ಳಿಗಳವು. ಫಿರಂಗಿ ಕೋಟೆಗೆ ಮರಗಟ್ಟು ಹಾಕಿದರೆ ಒಂದು ಗುಂಡಿಗೆ ಉಳಿಯದು. ದಪ್ಪ ಕಲ್ಲುಗೋಡೆ, ಕಮಾನು ಚಾವಣಿ, ಫಿರಂಗಿ ಇಡುವ ಚಪ್ಪಟೆ ಜಗಲಿ: ಇದು ಟ್ಯೂಡರ್ ಕಾಲದ ಸೈನ್ಯದ ಮುಖ.

ಬೆಂಗಳೂರು ಅರಮನೆಯೂ ಟ್ಯೂಡರ್ ತಾನೆ ಎಂದು ಕೇಳುವವರಿದ್ದಾರೆ. ಅದು 19ನೇ ಶತಮಾನದ್ದು, ಹಳೆಯ ಶೈಲಿಯನ್ನು ಮೆಚ್ಚಿ ಮರಳಿ ತಂದದ್ದು. ಚಾಮರಾಜೇಂದ್ರ ಒಡೆಯರ್ ಇನ್ನೂ ಬಾಲಕರಾಗಿದ್ದಾಗ ಅವರಿಗಾಗಿ ಕೊಂಡ ಮನೆ. ಲಿಂಡಿಸ್‌ಫಾರ್ನ್‌ನ ಗೋಡೆಗಳಾದರೋ ಟ್ಯೂಡರ್ ದೊರೆಗಳು ಬದುಕಿದ್ದಾಗಲೇ ಎದ್ದವು.

## ಕಲ್ಲಿನ ಕಥೆ

ಮಠದ ಕಲ್ಲು ಕಿತ್ತು ಕೋಟೆ ಕಟ್ಟಿದರಂತೆ. ಪಾಪ ಅನ್ನಿಸಲಿಲ್ವಾ ಅವರಿಗೆ?

ಅಯೋನಾ ದ್ವೀಪದಿಂದ ಬಂದ ಸಂತ ಏಡನ್ 635ರಲ್ಲಿ ಇಲ್ಲಿ ಮಠ ಸ್ಥಾಪಿಸಿದ. ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಬಣ್ಣದ ಚಿತ್ತಾರದ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಹಸ್ತಪ್ರತಿ 700ರ ಸುಮಾರಿಗೆ ಸಿದ್ಧವಾದದ್ದು ಇಲ್ಲೇ. 793ರಲ್ಲಿ ವೈಕಿಂಗರು ದಾಳಿಯಿಟ್ಟರು. 875ರಲ್ಲಿ ಉಳಿದ ಸನ್ಯಾಸಿಗಳು ಸಂತ ಕತ್‌ಬರ್ಟ್‌ನ ಶವಪೆಟ್ಟಿಗೆ ಹೊತ್ತು ದ್ವೀಪ ಬಿಟ್ಟರು. ನಾರ್ಮನ್ನರ ಕಾಲದಲ್ಲಿ ಮಠ ಮತ್ತೆ ಎದ್ದಿತು, ಕೆಂಪು ಮರಳುಗಲ್ಲಿನ ದೊಡ್ಡ ಚರ್ಚಿನೊಂದಿಗೆ.

ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ 1537ರಲ್ಲಿ ಇದೂ ಮುಚ್ಚಿತು. ಆಮೇಲೆ ಗಡಿ ಕಾಯಲು ಕೋಟೆ ಬೇಕಾಯಿತು. ಕಡೆದಿಟ್ಟ ಕಲ್ಲು ಕೂಗಳತೆಯಲ್ಲೇ ಇತ್ತು. ಬೆಬ್ಲೋ ಬಂಡೆಯ ಕಪ್ಪು ವಿನ್‌ಸ್ಟೋನ್ ಉಳಿಗೆ ಸುಲಭವಾಗಿ ಬಗ್ಗದ ಕಲ್ಲು, ಮಠದ ಮರಳುಗಲ್ಲಾದರೆ ಆಗಲೇ ಚೌಕವಾಗಿ ಸಿದ್ಧ. ಪಾಪ ಅನ್ನಿಸಿತೋ ಇಲ್ಲವೋ, ಹೊತ್ತೊಯ್ದರು. ಈಗ ಹಳ್ಳಿಯಲ್ಲಿ ನಿಂತರೆ ಒಂದು ಕಡೆ ಪಾಳುಬಿದ್ದ ಮಠ, ಇನ್ನೊಂದು ಕಡೆ ನಿಂತ ಕೋಟೆ. ಮೊದಲು ಮಠ ನೋಡಿ, ಆಮೇಲೆ ಕೋಟೆಗೆ ನಡೆಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಕಲ್ಲು ನಡೆದ ದಾರಿಯಲ್ಲೇ ನೀವೂ ನಡೆದಂತಾಗುತ್ತದೆ.

ಇಲ್ಲಿ ನಿಜವಾಗಿ ಯುದ್ಧ ಅಂತ ನಡೆದಿದೆಯಾ?

ದೊಡ್ಡ ಯುದ್ಧವೇನೂ ನಡೆಯಲಿಲ್ಲ. ಎಲಿಜಬೆತ್ ಕಾಲದಲ್ಲಿ 1570ರ ಹೊತ್ತಿಗೆ ಕೋಟೆಯನ್ನು ಬಲಪಡಿಸಿದರು. 1603ರಲ್ಲಿ ಸ್ಕಾಟ್ಲೆಂಡಿನ ಅರಸನೇ ಇಂಗ್ಲೆಂಡಿಗೂ ಅರಸನಾದ. ಯಾರನ್ನು ತಡೆಯಲು ಕಟ್ಟಿದ್ದರೋ ಅವರೇ ಮನೆಯವರಾದರು.

ನೆನಪಿಡಬೇಕಾದ ಘಟನೆ 1715ರ ಅಕ್ಟೋಬರಿನದು. ಕೋಟೆಯಲ್ಲಿ ಬೆರಳೆಣಿಕೆಯ ಸಿಪಾಯಿಗಳು. ಫಿರಂಗಿಗಳ ಮೇಲ್ವಿಚಾರಕನೇ ಊರಿಗೆ ಕ್ಷೌರಿಕ. ಲ್ಯಾನ್ಸ್‌ಲಾಟ್ ಎರಿಂಗ್ಟನ್ ಎಂಬ ಹಡಗಿನವನು ಗಡ್ಡ ಹೆರೆಸಿಕೊಳ್ಳುವ ನೆಪದಲ್ಲಿ ಒಳಗೆ ಬಂದ, ಜಾಗ ಅಳೆದುಕೊಂಡು ಹೋದ, ಸೋದರನ ಮಗನ ಜೊತೆ ಮರಳಿ ಬಂದು ಕೋಟೆಯನ್ನೇ ವಶಪಡಿಸಿಕೊಂಡ. ಪದಚ್ಯುತ ಸ್ಟುವರ್ಟ್ ವಂಶದ ಪರ ದಂಗೆಯೆದ್ದ ಜಾಕೊಬೈಟ್‌ರ ಗುಂಪಿನವನು ಅವನು. ನೆರವು ಬರಲಿಲ್ಲ. ಮಾರನೆಯ ದಿನ ಬೆರಿಕ್‌ನಿಂದ ಸೈನಿಕರು ಬಂದರು, ಇಬ್ಬರೂ ಸಿಕ್ಕಿಬಿದ್ದರು, ಬಳಿಕ ಸೆರೆಮನೆಯಿಂದ ಸುರಂಗ ತೋಡಿ ತಪ್ಪಿಸಿಕೊಂಡರು. 1819ರಲ್ಲಿ ಕಾವಲು ಪಡೆಯನ್ನೇ ತೆಗೆದುಹಾಕಿದರು.

ಕೋಟೆ ಪಕ್ಕದಲ್ಲಿ ಆ ದೊಡ್ಡ ಕಮಾನುಗಳು ಏನು? ಇನ್ನೊಂದು ಕೋಟೆನಾ?

ಸುಣ್ಣದ ಗೂಡುಗಳು, 1860ರ ದಶಕದವು. ದ್ವೀಪದ ಸುಣ್ಣದ ಕಲ್ಲನ್ನು ಹಳಿಬಂಡಿಯಲ್ಲಿ ತಂದು, ಸ್ಕಾಟ್ಲೆಂಡಿನ ಡಂಡಿ ಬಂದರಿನಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲಿನಲ್ಲಿ ಸುಟ್ಟು, ಸುಟ್ಟ ಸುಣ್ಣವನ್ನು ಅದೇ ಹಡಗಿನಲ್ಲಿ ಕಳುಹಿಸುತ್ತಿದ್ದರು. ಹೆಚ್ಚಿನವರು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಒಳಗೆ ಬಗ್ಗಿ ಹೋಗಿ ನೋಡಿ. ಇಟ್ಟಿಗೆಯ ಕೆಲಸ ಮಠದ ಕಮಾನುಗಳಿಗೆ ಸಾಟಿಯಾಗಿದೆ.

ದೋಣಿಗಳನ್ನು ಯಾಕೆ ಮಗುಚಿ ಹಾಕಿದ್ದಾರೆ?

ಹೆರಿಂಗ್ ಮೀನು ಹಿಡಿಯುತ್ತಿದ್ದ ಮರದ ದೋಣಿಗಳು ಮುದಿಯಾದಾಗ ಅವನ್ನು ಬೋರಲು ಹಾಕಿ, ಟಾರು ಬಳಿದು, ಬಾಗಿಲಿಟ್ಟು ಸಾಮಾನಿನ ಗುಡಿಸಲು ಮಾಡಿಕೊಳ್ಳುವುದು ಇಲ್ಲಿನ ಮೀನುಗಾರರ ರೂಢಿ. ಕೋಟೆಯ ಬುಡದಲ್ಲಿದ್ದವುಗಳಲ್ಲಿ ಎರಡಕ್ಕೆ 2005ರಲ್ಲಿ ಯಾರೋ ಬೆಂಕಿ ಹಚ್ಚಿದರು. ಅವುಗಳ ಜಾಗಕ್ಕೆ ಬೇರೆ ದೋಣಿ ತಂದು ಮಗುಚಿದರು.

## ಮನೆಯಾದ ಬಗೆ

ಇಷ್ಟು ಗಾಳಿ ಹೊಡೆಯೋ ಬಂಡೆ ಮೇಲೆ ಮನೆ ಬೇಕು ಅಂತ ಯಾರಿಗಾದರೂ ಯಾಕೆ ಅನ್ನಿಸುತ್ತೆ?

ಹಡ್ಸನ್ ಕಂಟ್ರಿ ಲೈಫ್ ಪತ್ರಿಕೆಯ ಸ್ಥಾಪಕ. ಹಳೆಯ ಹಳ್ಳಿಮನೆಗಳು, ತೋಟಗಳ ಸೊಗಸನ್ನು ವಾರವಾರವೂ ಓದುಗರಿಗೆ ತೋರಿಸುತ್ತಿದ್ದವನು. 1901ರಲ್ಲಿ ಈ ಕಡೆ ಸುತ್ತಾಡುತ್ತ ಗೋಡೆ ಹತ್ತಿಳಿದು ಒಳಗೆ ನೋಡಿದಾಗ ಕೋಟೆ ಖಾಲಿ ಬಿದ್ದಿತ್ತಂತೆ. ದಕ್ಷಿಣಕ್ಕೆ ಬ್ಯಾಂಬರೋ ಕೋಟೆ, ಫಾರ್ನ್ ದ್ವೀಪಗಳು, ಸುತ್ತಲೂ ತೆರೆದ ಕಡಲು. ಆ ಮೇಲಿನ ಜಗಲಿಯಲ್ಲಿ ಬೇಸಿಗೆಯ ಒಂದು ಸಂಜೆ ನಿಂತವರು ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಕೇಳುವವರೆಲ್ಲ ಮಳೆಯ ದಿನ ಬಂದವರು.

ದೆಹಲಿ ಕಟ್ಟಿದ ಲುಟೆನ್ಸ್ ಇವರೇನಾ?

ಅವರೇ, ಎಡ್ವಿನ್ ಲುಟೆನ್ಸ್. ಕೋಟೆಯನ್ನು ಮನೆ ಮಾಡಲು ಹಡ್ಸನ್ ಕರೆಸಿದ್ದು ಇವರನ್ನೇ. ಇಲ್ಲಿನ ಮುಖ್ಯ ಕೆಲಸ 1903ರಿಂದ 1906ರವರೆಗೆ ನಡೆಯಿತು. ದೆಹಲಿಯ ಕರೆ ಬಂದದ್ದು 1912ರಲ್ಲಿ. ಇಲ್ಲಿ ಕೆಲಸ ಮಾಡುವಾಗ ಇನ್ನೂ ಮೂವತ್ತರ ಹರೆಯದ ವಾಸ್ತುಶಿಲ್ಪಿ. ಅವರ ಹೆಂಡತಿ ಎಮಿಲಿ, ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಲಿಟ್ಟನ್‌ನ ಮಗಳು.

ಇಂದಿನ ರಾಷ್ಟ್ರಪತಿ ಭವನದಲ್ಲಿ ಎಲ್ಲವೂ ಅಳತೆ, ಸಮತೂಕ, ವೈಭವ. ಇಲ್ಲಿ ಒಂದು ನೇರಗೆರೆಯೂ ಸಿಗುವುದು ಕಷ್ಟ. ಬಂಡೆ ಬಾಗಿದ ಕಡೆ ಕೋಣೆ ಬಾಗಿದೆ, ಅದು ಏರಿದ ಕಡೆ ಮೆಟ್ಟಿಲು ಏರಿದೆ. ಬೇರೆ ಬೇರೆ ಮಟ್ಟದಲ್ಲಿ ಚದುರಿದ್ದ ಕಾವಲು ಕಟ್ಟಡಗಳನ್ನು ಓಣಿ, ಮೆಟ್ಟಿಲು, ಮೊಗಸಾಲೆಗಳಿಂದ ಹೊಲಿದು ಒಂದು ಮನೆ ಮಾಡಿದರು. ನನ್ನ ಮಟ್ಟಿಗೆ ದೆಹಲಿಯ ಲುಟೆನ್ಸ್ ಗೌರವ ಹುಟ್ಟಿಸುತ್ತಾರೆ, ಈ ಲುಟೆನ್ಸ್ ಪ್ರೀತಿ ಹುಟ್ಟಿಸುತ್ತಾರೆ.

ಒಳಗೆ ತಪ್ಪದೆ ನೋಡಬೇಕಾದ್ದು ಏನು?

ಮೊದಲು ಒಳಬಾಗಿಲ ಹಜಾರ. ದಪ್ಪನೆಯ ದುಂಡು ಕಂಬಗಳು. ಕಮಾನುಗಳು ಬೋದಿಗೆಯೇ ಇಲ್ಲದೆ ನೇರ ಕಂಬದೊಳಗೆ ಇಳಿದು ಕರಗಿಹೋಗುತ್ತವೆ. ಹಳೆಯ ಚರ್ಚಿನಂತೆ ಕಂಡರೂ ಇದು ಪೂರ್ತಿ ಲುಟೆನ್ಸ್ ಕೆಲಸ. ಅಲ್ಲೇ ಗೋಡೆಯಲ್ಲಿ ಮ್ಯಾಕ್‌ಡೊನಾಲ್ಡ್ ಗಿಲ್ ಬರೆದ ಗಾಳಿಯ ದಿಕ್ಸೂಚಿ ಇದೆ: ಕರಾವಳಿಯ ಬಣ್ಣದ ನಕ್ಷೆ, ಅದರ ಮೇಲೆ, ಚಾವಣಿಯಲ್ಲಿ ಗಾಳಿ ಬೀಸಿದಂತೆ ತಿರುಗುವ ಪಟ್ಟಿಗೆ ಜೋಡಿಸಿದ ಮುಳ್ಳು. ದೋಣಿ ಬಿಡಬಹುದೋ ಇಲ್ಲವೋ ಎಂದು ಒಳಗೆ ನಿಂತೇ ಹೇಳಬಹುದು.

ಊಟದ ಮನೆ ಮತ್ತು ಹಡಗಿನ ಕೋಣೆ, ಇವೆರಡೂ ಟ್ಯೂಡರ್ ಕಾಲದ ಕಮಾನು ಚಾವಣಿಯ ಕೋಣೆಗಳು. ಹಡಗಿನ ಕೋಣೆಯಲ್ಲಿ ತೂಗುಬಿಟ್ಟ ಡಚ್ ಹಡಗಿನ ಮಾದರಿಯಿಂದ ಅದಕ್ಕೆ ಆ ಹೆಸರು. ನೆಲದ ಇಟ್ಟಿಗೆಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿದ್ದಾರೆ, ನಡೆಯುವಾಗ ಒಮ್ಮೆ ಕೆಳಗೂ ನೋಡಿ. ಹಡ್ಸನ್ ಕಾಲದಲ್ಲಿ ಮೇಣದ ಬತ್ತಿ, ಎಣ್ಣೆದೀಪದ ಬೆಳಕೇ ಗತಿ. ಕಿಟಕಿಯೋರದ ಕಲ್ಲುಬೆಂಚಿನ ಮೇಲೆ ಕೂತರೆ ಗೋಡೆ ಎಷ್ಟು ದಪ್ಪವೆಂಬುದು ತಾನಾಗಿ ತಿಳಿಯುತ್ತದೆ.

ಕೋಟೆಯಲ್ಲಿ ಚೆಲ್ಲೋ ವಾದ್ಯ ಇಟ್ಟಿದ್ದಾರಲ್ಲ, ಯಾಕೆ?

ಗಿಲ್ಯೆರ್ಮಿನಾ ಸುಜಿಯಾ ಎಂಬ ಪೋರ್ಚುಗಲ್‌ನ ಕಲಾವಿದೆಯ ನೆನಪಿಗೆ. ಆ ಕಾಲದ ಹೆಸರಾಂತ ಚೆಲ್ಲೋ ವಾದಕಿ, ಹಡ್ಸನ್‌ನ ಅತಿಥಿ. ಇಬ್ಬರಿಗೂ ಮದುವೆ ನಿಶ್ಚಯವಾಗಿತ್ತು, ಆದರೆ ನಡೆಯಲಿಲ್ಲ. ಅವನು ಅವಳಿಗಾಗಿ ಕೊಡಿಸಿದ್ದು 1717ರ ಸ್ಟ್ರಾಡಿವೇರಿಯಸ್ ಚೆಲ್ಲೋ, ಇಟಲಿಯ ಹೆಸರಾಂತ ವಾದ್ಯ ತಯಾರಕನ ಕೈಯದು. ಅವಳು ತೀರಿಕೊಂಡ ಮೇಲೆ ಅದನ್ನು ಮಾರಿ ಬಂದ ಹಣದಿಂದ ಎಳೆಯ ಚೆಲ್ಲೋ ವಾದಕರಿಗೆ ನೆರವಿನ ನಿಧಿ ಏರ್ಪಟ್ಟಿತು. ಕಲ್ಲಿನ ಚಾವಣಿಯ ಕೆಳಗೆ ಆ ತಂತಿಯ ದನಿ ಹೇಗೆ ತುಂಬಿಕೊಂಡಿರಬೇಕು ಎಂದು ಪ್ರತಿಸಲವೂ ಅಲ್ಲಿ ನಿಂತು ಊಹಿಸುತ್ತೇನೆ.

ಹೂದೋಟ ಮನೆ ಪಕ್ಕದಲ್ಲಿಲ್ಲ, ಅಷ್ಟು ದೂರ ಹೊಲದ ಮಧ್ಯೆ ಯಾಕಿದೆ?

ಅದು ಹಿಂದೆ ಕಾವಲುಗಾರರ ತರಕಾರಿ ಮಡಿ. ಬಂಡೆಯ ಮೇಲೆ ಮಣ್ಣಿಲ್ಲ, ಗಾಳಿಗೆ ಗಿಡ ನಿಲ್ಲದು. ಹಾಗಾಗಿ ಕೆಳಗೆ ಹುಲ್ಲುಗಾವಲಿನಲ್ಲಿ ಗೋಡೆ ಕಟ್ಟಿ ಮರೆ ಮಾಡಿದ್ದರು. 1911ರಲ್ಲಿ ಗರ್ಟ್ರೂಡ್ ಜೀಕಲ್ ಅದಕ್ಕೆ ಹೂಗಿಡಗಳ ಯೋಜನೆ ಬರೆದುಕೊಟ್ಟರು. ಹೂವಿನ ಬಣ್ಣಗಳನ್ನು ಚಿತ್ರಕಾರರಂತೆ ಹೊಂದಿಸುತ್ತಿದ್ದ ತೋಟಗಾರ್ತಿ, ಹಡ್ಸನ್‌ಗೆ ಲುಟೆನ್ಸ್‌ರನ್ನು ಪರಿಚಯಿಸಿದವರೂ ಅವರೇ. ದ್ವೀಪದ ಬೇಸಿಗೆ ಚಿಕ್ಕದು, ಹಡ್ಸನ್ ಬರುತ್ತಿದ್ದದ್ದೂ ಆಗಲೇ. ಆದ್ದರಿಂದ ಆ ಕೆಲವೇ ವಾರಗಳಲ್ಲಿ ಎಲ್ಲವೂ ಒಟ್ಟಿಗೆ ಅರಳುವಂಥ ಆಯ್ಕೆ.

ತೋಟದ ಗೋಡೆಗಳು ಸಮಾಂತರವಾಗಿಲ್ಲ, ದಾರಿಗಳು ಓರೆ. ಕಣ್ಣಿಗೆ ದೂರ–ಹತ್ತಿರಗಳ ಲೆಕ್ಕ ತಪ್ಪಿ, ಪುಟ್ಟ ಜಾಗ ದೊಡ್ಡದೆನಿಸುತ್ತದೆ. ಜೀಕಲ್‌ರ ಮೂಲ ನಕ್ಷೆಗಳು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದಿದ್ದವು. ಅವುಗಳನ್ನೇ ಅನುಸರಿಸಿ 2003ರಲ್ಲಿ ತೋಟವನ್ನು ಮತ್ತೆ ನೆಟ್ಟರು. ಜುಲೈ–ಆಗಸ್ಟ್‌ನಲ್ಲಿ ಹೋದರೆ ಬಟಾಣಿ ಹೂಗಳ ಪರಿಮಳ ಗೋಡೆಯಾಚೆಗೂ ಬರುತ್ತದೆ.

## ಜೀರ್ಣೋದ್ಧಾರದ ಒಳಮರ್ಮ

2016ರಲ್ಲಿ ಹೋದಾಗ ಮುಚ್ಚಿತ್ತು. ಏನು ಮಾಡಿದರು ಅಷ್ಟು ದಿನ?

2016ರ ನವೆಂಬರಿನಲ್ಲಿ ಮುಚ್ಚಿ 2018ರ ಏಪ್ರಿಲಿನಲ್ಲಿ ತೆರೆದರು. ಖರ್ಚು ಸುಮಾರು 30 ಲಕ್ಷ ಪೌಂಡ್. ಸಮಸ್ಯೆ ಒಂದೇ: ನೀರು. ಉತ್ತರ ಸಮುದ್ರದ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಗೋಡೆಗೆ ಹೊಡೆಯುತ್ತದೆ. ಚಾವಣಿ, ಕಿಟಕಿ, ಕಲ್ಲಿನ ಸಂದು, ಎಲ್ಲಿಂದ ಬೇಕಾದರೂ ಒಳಗಿಳಿಯುತ್ತಿತ್ತು; ಗೋಡೆಗಳು ಒಳಗೂ ತೊಯ್ದಿದ್ದವು. ಸಾಮಾನೆಲ್ಲ ಹೊರಗೆ ಸಾಗಿಸಿ, ಇಡೀ ಕಟ್ಟಡಕ್ಕೆ ಅಟ್ಟಣಿಗೆ ಕಟ್ಟಿ, ಕಿಟಕಿಗಳನ್ನು ದುರಸ್ತಿ ಮಾಡಿ, ಸಂದುಗಳನ್ನು ಕೆರೆದು ಹೊಸದಾಗಿ ಸುಣ್ಣದ ಗಾರೆ ತುಂಬಿದರು. ಪ್ರತಿ ಮೊಳೆಯೂ, ಪ್ರತಿ ಮೂಟೆಯೂ ಉಬ್ಬರದ ವೇಳೆ ನೋಡಿಕೊಂಡೇ ದ್ವೀಪಕ್ಕೆ ಬರಬೇಕಿತ್ತು.

ಸಿಮೆಂಟ್ ಹಾಕಿದ್ದರೆ ಗಟ್ಟಿಯಾಗಿ ನಿಲ್ತಿರಲಿಲ್ವಾ? ಗಾರೆಯೇ ಯಾಕೆ?

ಈ ಪ್ರಶ್ನೆ ಕೇಳಿದವರಲ್ಲಿ ಎಂಜಿನಿಯರುಗಳೂ ಇದ್ದಾರೆ. ಮರಳುಗಲ್ಲಿಗೆ ಸಣ್ಣ ರಂಧ್ರಗಳಿವೆ. ಅದು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸಿಮೆಂಟ್ ಸಂದು ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಬಿಡದು. ಕೂದಲೆಳೆಯಷ್ಟು ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಬರಲು ಸಂದಿನ ದಾರಿ ಮುಚ್ಚಿರುತ್ತದೆ. ಆಗ ಅದು ಕಲ್ಲಿನ ಮುಖದಿಂದಲೇ ಹೊರಡುತ್ತದೆ. ಸಮುದ್ರದ ಉಪ್ಪು ಅಲ್ಲಿ ಹರಳುಗಟ್ಟಿ ಕಲ್ಲಿನ ಮೈಯನ್ನೇ ಹೊಪ್ಪಳೆಯಾಗಿ ಎಬ್ಬಿಸುತ್ತದೆ. ಕೊನೆಗೆ ಸಿಮೆಂಟಿನ ಸಂದು ಹಾಗೇ ನಿಂತು, ನಡುವಿನ ಕಲ್ಲು ಗುಳಿಬೀಳುತ್ತದೆ.

ಗಾರೆ ಕಲ್ಲಿಗಿಂತ ಮೃದು. ನೀರನ್ನು ತನ್ನ ಮೂಲಕ ಹೊರಬಿಟ್ಟು, ಸವೆಯುವ ಸರದಿ ಬಂದಾಗ ತಾನು ಸವೆಯುತ್ತದೆ. ಐವತ್ತು–ನೂರು ವರ್ಷಕ್ಕೆ ಸಂದು ಮತ್ತೆ ತುಂಬಬಹುದು. ಐನೂರು ವರ್ಷದ ಕಲ್ಲನ್ನು ಮತ್ತೆ ತರಲಾಗದು. ಗಾರೆ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿ, ಮತ್ತೆ ಸುಣ್ಣದ ಕಲ್ಲೇ ಆಗುತ್ತ. ಹಿಮ ಬಿದ್ದರೆ ಹಸಿ ಗಾರೆ ಪುಡಿಯಾಗುತ್ತದೆ, ಆದ್ದರಿಂದ ಚಳಿಗಾಲದಲ್ಲಿ ಕೆಲಸ ಸಾಗದು. ನಮ್ಮಲ್ಲಿ ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದವರಿಗೆ ಇದೆಲ್ಲ ಕೈಯಲ್ಲೇ ಗೊತ್ತಿತ್ತು. ನಮ್ಮೂರಿನ ಹಳೆಯ ದೇವಸ್ಥಾನದ ಸಂದುಗಳಿಗೆ ಸಿಮೆಂಟ್ ಮೆತ್ತಿದ್ದನ್ನು ನೋಡಿದಾಗ ನನಗೆ ಆಗುವ ಸಂಕಟ ಇದೇ ಕಾರಣಕ್ಕೆ.

ದುರಸ್ತಿಯಾದ ಮೇಲೆ ಹೋದೆವು, ಕೋಣೆಗಳೆಲ್ಲ ಖಾಲಿ! ದುಡ್ಡು ಕೊಟ್ಟು ಖಾಲಿ ಮನೆ ನೋಡಬೇಕಾ?

2018ರಲ್ಲಿ ಬೇಕೆಂದೇ ಖಾಲಿ ಇಟ್ಟಿದ್ದರು. ಒದ್ದೆ ಗೋಡೆ ಒಣಗಲು ತಿಂಗಳುಗಳೇ ಬೇಕು. ಆ ಮೊದಲೇ ಮರದ ಬೀರು, ಬಟ್ಟೆ, ಚಿತ್ರ ತಂದಿಟ್ಟರೆ ಬೂಷ್ಟು ಹಿಡಿಯುತ್ತದೆ. ಆ ಅವಧಿಯಲ್ಲಿ ಕಲಾವಿದೆ ಆನ್ಯಾ ಗಲ್ಲಾಚಿಯೊ ಅವರ ಕೃತಿಗಳನ್ನು ಕೋಣೆಗಳಲ್ಲಿ ಇಟ್ಟಿದ್ದರು. ಬೇಸರಪಟ್ಟವರು ಬಹಳ. ಮಂಚ, ಕುರ್ಚಿಗಳ ಹಿಂದೆ ಮರೆಯಾಗಿದ್ದ ಗೋಡೆಗಳನ್ನು ನಾನು ಮೊದಲ ಸಲ ಪೂರ್ತಿಯಾಗಿ ಕಂಡದ್ದು ಆ ವರ್ಷವೇ. ಸಾಮಾನು ಆಮೇಲೆ ಮರಳಿ ಬಂತು.

ಲುಟೆನ್ಸ್ ಮಾಡಿದ್ದನ್ನೆಲ್ಲ ತೆಗೆದು ಅಸಲಿ ಟ್ಯೂಡರ್ ಕೋಟೆಯನ್ನೇ ವಾಪಸ್ ತರಬಹುದಿತ್ತಲ್ಲ?

ತರಲು ಹೊರಟರೆ ಎಲ್ಲಿಗೆ ನಿಲ್ಲಿಸುವುದು? ಟ್ಯೂಡರ್ ಗೋಡೆಯೂ ಮಠವನ್ನು ಕೆಡವಿಯೇ ಎದ್ದದ್ದು. ಅಸಲಿಯತ್ತಿನ ಹೆಸರಿನಲ್ಲಿ ಲುಟೆನ್ಸ್‌ರ ಹಜಾರ ಕಿತ್ತರೆ ಕೈಗೆ ಬರುವುದು ಕಾವಲುಗಾರರ ನಾಲ್ಕು ಕತ್ತಲೆ ಕೋಣೆ. ಅವೂ ಊಹೆಯ ಮೇಲೆ ಹೊಸದಾಗಿ ಕಟ್ಟಿದವು. ಲುಟೆನ್ಸ್ ತಮಗಿಷ್ಟ ಬಂದಂತೆ ನಾಟಕವಾಡಿದ್ದಾರೆ ಎಂಬ ದೂರಿನಲ್ಲಿ ಹುರುಳಿದೆ. ದಾಳಿಯ ಮಾತೇ ಇಲ್ಲದ ಕಾಲದಲ್ಲಿ ಬಾಗಿಲಿಗೆ ಮೇಲಿಂದ ಇಳಿಬಿಡುವ ಕಬ್ಬಿಣದ ಜಾಲರಿ ಹಾಕಿದವರು ಅವರು. ಆದರೂ ಟ್ಯೂಡರ್ ಕಮಾನುಗಳನ್ನು ಅವರು ಮುಟ್ಟಲಿಲ್ಲ, ಊಟದ ಮನೆ ಮಾಡಿ ಉಳಿಸಿದರು. ಯಾರೂ ವಾಸಿಸದಿದ್ದರೆ ಆ ಚಾವಣಿಗಳು ಇಷ್ಟರಲ್ಲಿ ಬಿದ್ದಿರುತ್ತಿದ್ದವು ಎಂದೇ ನನ್ನ ನಂಬಿಕೆ.

ಅಷ್ಟು ಖರ್ಚು ಮಾಡಿದ ಮೇಲೆ ಇನ್ನು ಒದ್ದೆ ಬರೋದೇ ಇಲ್ವಾ?

ಬರುತ್ತದೆ. ಮೂರೂ ಕಡೆ ಕಡಲಿಗೆ ಒಡ್ಡಿಕೊಂಡ ಗೋಡೆ ಒಣಗಿಯೇ ಇರುತ್ತದೆಂದು ಯಾರೂ ಮಾತು ಕೊಡಲಾರರು. ಈಗ ಬಂದ ನೀರಿಗೆ ಹೋಗಲು ದಾರಿಯಿದೆ, ಅಷ್ಟೇ ವ್ಯತ್ಯಾಸ. ಹೋದ ಸಲ ನಾನು ಹೋದದ್ದು ರಾತ್ರಿಯಿಡೀ ಮಳೆ ಹೊಡೆದ ಮರುದಿನ. ಊಟದ ಮನೆಯ ಕಿಟಕಿಯ ಕೆಳಗೆ ಗೋಡೆಗೆ ಅಂಗೈ ಇಟ್ಟೆ. ತಣ್ಣಗಿತ್ತು, ಕೈ ಒದ್ದೆಯಾಗಲಿಲ್ಲ.